ಉಪವಾಸದವರ ಪಟ್ಟಿಯಲ್ಲಿ ಸಿದ್ಧಿಯ ಹೆಸರು

ರೊಟ್ಟಿ ಬಡಿಯುವಾಗ ನಾಲ್ಕು ಮಂದಿಗೆಂದು ಹಿಟ್ಟು ಕಲಸುವ ನನ್ನ ಕೈ ಮೂರು ಮಂದಿಗೆ ಒಗ್ಗಿಕೊಳ್ಳಲು ಒಂದು ತಿಂಗಳೇ ಬೇಕಾಯಿತು.

ಮಗಳು ಸಿದ್ಧಿ ರೊಟ್ಟಿ ಬಿಟ್ಟಿದ್ದಳು. ಅನ್ನ, ಚಪಾತಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಚಹಾದ ಸಕ್ಕರೆ ಎಲ್ಲವನ್ನೂ ಬಿಟ್ಟಿದ್ದಳು. ತೆಳ್ಳಗಾಗಿ ಕನ್ನಡಿ ನೋಡಿಕೊಳ್ಳುವ ಆಸೆಯಿಂದ ಬಿಟ್ಟದ್ದಲ್ಲ, ಹೆದರಿಕೆಯಿಂದ ಬಿಟ್ಟದ್ದು. ಅವಳು ಜಮಖಂಡಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಬಂದವರ ಕಣ್ಣಿಗೆ ಹನಿ ಹಾಕುವುದು, ನಂಬರ್ ನೋಡುವುದು, ಕಣ್ಣಿನ ಹಿಂಭಾಗದ ಫೋಟೊ ತೆಗೆಯುವುದು ಅವಳ ಕೆಲಸ. ಏಪ್ರಿಲ್‌ನಲ್ಲಿ ಆಸ್ಪತ್ರೆಯವರು ತಮ್ಮ ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಿದರು. ಇಪ್ಪತ್ತೆರಡು ವರ್ಷದ ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದು ಗೊತ್ತಾದದ್ದು ಆಗ. ಅವಳ ತಂದೆ ಪಾರಿಸಪ್ಪ ಎಂಟು ವರ್ಷದಿಂದ ಅದೇ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದಾರೆ.

ಆ ದಿನ ಸಂಜೆ ಅವಳು ತನ್ನ ಫೋನಿನಲ್ಲಿ ನನಗೊಂದು ಚಿತ್ರ ತೋರಿಸಿದಳು. ಕಿತ್ತಳೆ ಬಣ್ಣದ ದುಂಡನೆಯ ವಸ್ತು, ಅದರ ತುಂಬ ಕೆಂಪು ಚುಕ್ಕೆ.

"ಇದು ಶುಗರ್ ಇದ್ದ ಮುಧೋಳ ಕಡೀ ಒಬ್ಬ ಮಾಸ್ತರರ ಕಣ್ಣು ಅವ್ವಾ. ನಲವತ್ತೆರಡು ವರ್ಷ ಅಷ್ಟ. ಈಗ ಅವರಿಗೆ ಹುಡುಗೂರ ಪಾಟಿ ಮ್ಯಾಲಿಂದು ಓದಾಕ ಬರಂಗಿಲ್ಲ. ದಿನಾ ಇಂಥವು ಹತ್ತು ಫೋಟೊ ತೆಗೀತೇನಿ ನಾ. ನನ್ನ ಕಣ್ಣಿಂದು ಹಿಂಗ ಆಗಬಾರ್ದು."

ಮರುದಿನವೇ ಅವಳ ಪಥ್ಯ ಶುರುವಾಯಿತು. ಫೋನಿನ ವಿಡಿಯೊಗಳಲ್ಲಿ ಅದನ್ನು ಹೇಳಿಕೊಡುವವರು ತತ್ತಿ ತಿನ್ನಿ, ಕೋಳಿ ತಿನ್ನಿ, ಪಾಲಕ ತಿನ್ನಿ ಎನ್ನುತ್ತಿದ್ದರು. ನಮ್ಮದು ಜೈನರ ಮನೆ. ತತ್ತಿ, ಮಾಂಸ, ಗಡ್ಡೆ, ಉಳ್ಳಾಗಡ್ಡಿ ಯಾವುದೂ ಹೊಸ್ತಿಲು ದಾಟುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹುಳುಗಳಿರುತ್ತವೆಂದು ಸೊಪ್ಪನ್ನೂ ತಿನ್ನುವುದಿಲ್ಲ. ಕಡೆಗೆ ಉಳಿದದ್ದು ಪನೀರು, ಶೇಂಗಾ, ಮೊಸರು, ಕೊಬ್ಬರಿ, ಹೀರೇಕಾಯಿ, ಸೌತೇಕಾಯಿ, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ. ಅದನ್ನೇ ತಿರುಗಿಸಿ ಮುರುಗಿಸಿ ಮಾಡಿಕೊಟ್ಟೆ. ಹಿಂಡಿಯನ್ನು ರೊಟ್ಟಿಯಿಲ್ಲದೆ ಚಮಚದಲ್ಲಿ ತಿನ್ನುವ ಮಗಳನ್ನು ನೋಡಿ ನನ್ನ ಅತ್ತೆಯವರಿಗೆ ನಗು ಬರುತ್ತಿತ್ತು.

"ರೊಟ್ಟಿ ಇಲ್ಲದ ಹಿಂಡಿ ಅಂದ್ರ ಗಂಡ ಇಲ್ಲದ ಬೀಗರ ಮನಿ ಇದ್ದಂಗ," ಎಂದು ರೇಗಿಸುತ್ತಿದ್ದರು.

"ಆಯಿ, ಸುಮ್ನ ಕುಂದರಬೇ," ಎಂದು ಸಿದ್ಧಿ ಅಜ್ಜಿಯ ತೊಡೆಗೆ ಚಿವುಟುತ್ತಿದ್ದಳು.

ಮೂರು ತಿಂಗಳಲ್ಲಿ ಒಂಬತ್ತು ಕಿಲೊ ಇಳಿದಳು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಕಿ ಇಳಿದಿತ್ತು. ಆ ಕಾಗದವನ್ನು ಅವಳು ದೇವರ ಮಾಡದಲ್ಲಿಟ್ಟು ಕೈ ಮುಗಿದಳು. ಆ ದಿನ ನಾನೂ ಅತ್ತದ್ದುಂಟು.

ವಾಸನೆ ಬರಲು ಶುರುವಾಗಿ ಅಷ್ಟರಲ್ಲಿ ಒಂದು ತಿಂಗಳಾಗಿತ್ತು.

ಮೊದಲ ಸಲ ನನಗೆ ಗೊತ್ತಾದದ್ದು ಅವಳು ನನ್ನ ಜಡೆ ಹೆಣೆಯುವಾಗ. ಏನೋ ಹೇಳಲೆಂದು ಕಿವಿಯ ಹತ್ತಿರ ಬಗ್ಗಿದಳು. ಕಳಿತು ಕಪ್ಪಾದ ಬಾಳೆಹಣ್ಣಿನ ವಾಸನೆ, ಅದರ ಜೊತೆಗೆ ಉಗುರಿನ ಬಣ್ಣ ಒರೆಸುವ ಔಷಧದ ಘಾಟು. ಹಲ್ಲು ಉಜ್ಜಿಲ್ಲವೇನೋ ಎಂದುಕೊಂಡೆ. ಆದರೆ ಅವಳು ದಿನಕ್ಕೆ ಎರಡು ಸಲ ಹಲ್ಲುಜ್ಜುವ ಹುಡುಗಿ, ನಾಲಿಗೆಯನ್ನು ತಾಮ್ರದ ಪಟ್ಟಿಯಿಂದ ಕೆರೆದು ಕೆಂಪು ಮಾಡಿಕೊಳ್ಳುವವಳು. ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಅಷ್ಟು ಕಷ್ಟಪಟ್ಟು ಹಿಡಿದ ದಾರಿ, ಇದೊಂದು ಮಾತಿಗೆ ಬಿಟ್ಟುಬಿಟ್ಟರೆ? ಇಂದು ಬೇಡ, ನಾಳೆ ಹೇಳಿದರಾಯಿತು ಎನ್ನುತ್ತಾ ದಿನ ತಳ್ಳಿದೆ. ಮಾತಿನಲ್ಲಿ ಹೇಳುವ ಬದಲು ಡಬ್ಬಿಯಲ್ಲಿ ಲವಂಗ ಇಟ್ಟೆ, ಯಾಲಕ್ಕಿ ಇಟ್ಟೆ, ಹುರಿದ ಅಜವಾನ ಕಟ್ಟಿಕೊಟ್ಟೆ.

"ಇದೆಲ್ಲಾ ಯಾಕವ್ವಾ?"

"ಪಚನಕ್ಕ ಛಲೋ," ಎಂದೆ.

ಸುಳ್ಳು ಶುರುವಾದದ್ದು ಅಲ್ಲಿಂದ. ಬಸದಿಯಲ್ಲಿ ಹೇಳಿದ್ದು ಎರಡನೆಯದು.

ಶ್ರಾವಣದ ಕೊನೆಗೆ ಅತ್ತೆಯವರ ಕಣ್ಣು ತೋರಿಸಲೆಂದು ಸಿದ್ಧಿಯ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಗೋಡೆಗೆ ಹಚ್ಚಿದ ಬಾಕಿನ ಮೇಲೆ ಹತ್ತು ಹನ್ನೆರಡು ಮಂದಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತಿದ್ದರು. ಸಿದ್ಧಿ ಒಬ್ಬೊಬ್ಬರ ಮೇಲೂ ಬಗ್ಗಿ, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹನಿ ಹಾಕುತ್ತಾ ಬರುತ್ತಿದ್ದಳು. ಬಿಳಿ ಅಂಗಿಯಲ್ಲಿ ಮಗಳನ್ನು ನೋಡಿ ನನಗೆ ಎದೆ ತುಂಬಿ ಬಂತು. ನಮ್ಮ ಪಕ್ಕದಲ್ಲಿ ಹುನ್ನೂರಿನ ಮುದಕಪ್ಪ ಎಂಬ ಮುದುಕ ಕುಳಿತಿದ್ದ, ತಲೆಗೆ ದೊಡ್ಡ ಪಟಗ, ದೊಡ್ಡ ದನಿ.

ಸಿದ್ಧಿ ಅವನ ಮೇಲೆ ಬಗ್ಗಿದಳು. ಅವನು ಮುಖ ಹೊರಳಿಸಿದ.

"ಅಲುಗಾಡಬ್ಯಾಡ್ರಿ ಅಜ್ಜಾರ."

"ಏನ ಔಷಧ ಐತೆವ್ವಾ ಇದು? ಕಣ್ಣಾಗ ಬೀಳೂಕಿಂತ ಮೊದಲ ಮೂಗಿಗೆ ಹೊಡ್ಯಾಕತ್ತೈತಿ! ನನ್ನ ಮೊಮ್ಮಗಳು ಉಗುರಿಗೆ ಹಚ್ಚತಾಳಲ್ಲ, ಅದನ್ನೇನರ ಹಾಕಾಕತ್ತಿ ಏನ?"

ಬಾಕಿನ ಮೇಲಿದ್ದವರು ನಕ್ಕರು. ಆ ಕಡೆಯಿಂದ, ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಒಬ್ಬ ಹೆಂಗಸು ಹೇಳಿದಳು: "ಔಷಧದ್ದಲ್ಲೋ ಯಪ್ಪಾ, ಆಕಿ ಬಾಯಿದು. ನನಗೂ ಬಂತು. ಪಾಪ, ಹೊಟ್ಟಿ ಸರಿ ಇಲ್ಲೇನೊ."

ಸಿದ್ಧಿ ನನ್ನನ್ನು ನೋಡಿದಳು. ಅವಳ ಕೈಯಲ್ಲಿದ್ದ ಬಾಟಲಿಯಿಂದ ಒಂದು ಹನಿ ಮುದಕಪ್ಪನ ಪಟಗದ ಮೇಲೆ ಬಿತ್ತು. ನಾನು ಕೆಳಗೆ ನೋಡಿದೆ. ಗೊತ್ತಿದ್ದವರು ಮಾತ್ರ ಹಾಗೆ ಕೆಳಗೆ ನೋಡುತ್ತಾರೆ. ಅವಳಿಗೆ ಅದು ಅರ್ಥವಾಯಿತು.

ಮುದಕಪ್ಪನಿಗೂ ತಪ್ಪಾಯಿತೆನಿಸಿತೇನೋ. "ಹಾಕು ತಂಗಿ, ಹಾಕು. ನನ್ನ ಬಾಯಾಗ ಎಪ್ಪತ್ತು ವರ್ಷದ ತಂಬಾಕು ಐತಿ, ನಾ ಏನ ಹೇಳಾಂವ," ಎಂದು ಕಣ್ಣು ಅಗಲಿಸಿ ಕುಳಿತ. ಅವಳು ಹಾಕಿದಳು. ಉಳಿದ ನಾಲ್ಕು ಮಂದಿಗೆ ಅವಳ ಜೊತೆಗಾತಿ ಕಾವ್ಯ ಬಂದು ಹಾಕಿದಳು.

ಆಸ್ಪತ್ರೆಯ ಡಾಕ್ಟರು ಹೆಂಗಸು, ಒಳ್ಳೆಯವರೇ. ಎರಡು ದಿನ ಬಿಟ್ಟು ಸಿದ್ಧಿಯನ್ನು ಒಳಗೆ ಕರೆದು ಬಾಗಿಲು ಮುಚ್ಚಿ ಮಾತಾಡಿದರಂತೆ. ಪಥ್ಯ ಒಮ್ಮೆಗೇ ಇಷ್ಟು ಬಿಗಿಯಾದರೆ ಮೈಯೊಳಗಿನ ಕೊಬ್ಬು ಕರಗುವಾಗ ಉಸಿರಿನಲ್ಲಿ ಇಂಥ ವಾಸನೆ ಬರುತ್ತದೆ, ಬಾಯಿ ತೊಳೆದರೆ ಹೋಗುವಂಥದ್ದಲ್ಲ ಎಂದರಂತೆ. ನೀರು ಚೆನ್ನಾಗಿ ಕುಡಿ, ಒಂದಿಷ್ಟು ರೊಟ್ಟಿ ಸೇರಿಸು, ಹಸಿದು ಇರಬೇಡ ಎಂದೂ ಹೇಳಿದರಂತೆ. ವಾಸನೆ ಹೋಗುವವರೆಗೆ ರೋಗಿಗಳ ಹೆಸರು ಬರೆದುಕೊಳ್ಳುವ ಟೇಬಲ್ಲಿನಲ್ಲಿ ಕೂಡ್ರು ಎಂದರು. ಸಿದ್ಧಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸೆಪ್ಟೆಂಬರ್ ಕೊನೆಯ ದಿನ ಆಗಬೇಕಿತ್ತು. ಹೆಸರು ಬರೆಯಲು ಅವರಿಗೆ ಬೇರೆ ಮನುಷ್ಯರು ಬೇಕಿಲ್ಲ. ರೋಗಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲಲಾಗದಿದ್ದರೆ ಕೆಲಸವೇ ಇಲ್ಲ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ವೇಲಿನ ತುದಿ ಬಾಯಿಗೆ ಒತ್ತಿಕೊಂಡು.

"ಹಂಗಾರ ಒಂದ ಅರ್ಧ ರೊಟ್ಟಿ ತಿನ್ನು ಸಿದ್ಧೂ," ಎಂದೆ.

"ತಿಂದ್ರ ಶುಗರ್ ಏರ್ತೈತಿ."

"ಅರ್ಧಕ್ಕ ಏನ ಏರ್ತೈತಿ?"

"ಆ ಫೋಟೊ ನೀ ಒಂದ ನೋಡೀದಿ. ನಾ ದಿನಾ ನೋಡ್ತೇನಿ," ಎಂದು ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಅಜ್ಜಿಯ ತೊಡೆ ಚಿವುಟುವುದು ನಿಂತಿತು. ತಂದೆಗೆ ಚಹಾ ಕೊಡುವಾಗ ಕೈ ಉದ್ದ ಚಾಚಿ ಕೊಡುತ್ತಿದ್ದಳು. ಬಸ್ಸಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೂ ತೆಗೆಯದೆ ಓಡಾಡುತ್ತಿದ್ದಳು. ಅಂಗಡಿಯಿಂದ ಬಾಯಿ ಮುಕ್ಕಳಿಸುವ ನೀಲಿ ಔಷಧ ತಂದಳು. ಕೊತ್ತಂಬರಿ ಕಾಳು ಜಗಿದಳು. ಒಂದು ತಾಸು ಚೆನ್ನಾಗಿರುತ್ತಿತ್ತು, ಮತ್ತೆ ಅದೇ.

ಭಾದ್ರಪದ ಪಂಚಮಿಗೆ ದಶಲಕ್ಷಣ ಪರ್ವ ಬಂತು. ಹತ್ತು ದಿನ ಬಸದಿಯಲ್ಲಿ ಪೂಜೆ. ಕೆಲವರು ಹತ್ತೂ ದಿನ ಅನ್ನ ಮುಟ್ಟದೆ, ದಿನಕ್ಕೊಮ್ಮೆ ಕಾಯಿಸಿ ಆರಿಸಿದ ನೀರು ಕುಡಿದು ಉಪವಾಸ ಮಾಡುತ್ತಾರೆ. ಹನ್ನೊಂದನೆಯ ದಿನ ಉಪವಾಸ ಬಿಡುವ ಪಾರಣೆ. ಅಂದು ಅವರನ್ನು ವಾಜಂತ್ರಿಯೊಂದಿಗೆ ಮೆರೆಸಿ, ಮಹಿಳಾ ಮಂಡಳದವರು ಸೀರೆ ಉಡಿಸಿ, ದೊಡ್ಡವರು ಚಿಕ್ಕವರೆನ್ನದೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಮ್ಮ ಅತ್ತೆಯವರು ಅರವತ್ತನೆಯ ವಯಸ್ಸಿನಲ್ಲಿ ಆ ಉಪವಾಸ ಮಾಡಿದವರು.

ಎಂಟನೆಯ ದಿನ ರವಿವಾರ. ಸಿದ್ಧಿಗೆ ರಜೆ. ಬರುವುದಿಲ್ಲ ಎಂದವಳನ್ನು ನಾನೇ ಒತ್ತಾಯ ಮಾಡಿ ಬಸದಿಗೆ ಕರೆದುಕೊಂಡು ಹೋದೆ. ಅಲ್ಲಿ ಮಾಸ್ಕ್ ಚೆನ್ನಾಗಿ ಕಾಣುವುದಿಲ್ಲ ಎಂದು ತೆಗೆಸಿದ್ದೂ ನಾನೇ. ಹೆಂಗಸರ ಸಾಲಿನಲ್ಲಿ ಒತ್ತೊತ್ತಾಗಿ ಕುಳಿತೆವು. ಸ್ತೋತ್ರ ಹೇಳುವಾಗ ಬಾಯಿ ತೆರೆಯಲೇಬೇಕಲ್ಲ. ನಮ್ಮ ಪಕ್ಕ ಕುಸುಮಾ ವೈನಿ ಇದ್ದರು, ಮಹಿಳಾ ಮಂಡಳದ ಅಧ್ಯಕ್ಷರು. ಅವರು ಒಮ್ಮೆ ಸಿದ್ಧಿಯ ಕಡೆ ತಿರುಗಿದರು. ಮತ್ತೊಮ್ಮೆ ತಿರುಗಿದರು. ಪೂಜೆ ಮುಗಿದು, ಸಿದ್ಧಿ ಚಪ್ಪಲಿ ಹುಡುಕಲು ಮುಂದೆ ಹೋದ ಮೇಲೆ, ಅವರು ನನ್ನ ರಟ್ಟೆ ಹಿಡಿದರು.

"ಅನುಸೂಯಾ, ಖರೆ ಹೇಳು. ಸಿದ್ಧಿ ಹತ್ತರ ಉಪವಾಸ ಹಿಡದಾಳ ಹೌದಿಲ್ಲೊ?"

ನಾನು ಸಿದ್ಧಿ ಹೋದ ಕಡೆ ನೋಡಿದೆ.

"ನನ್ನ ಮುಂದ ಮುಚ್ಚಬ್ಯಾಡ. ನಾ ಎರಡ ಸಲ ಮಾಡೀನಿ. ಎಂಟನೇ ದಿನದ ಉಸಿರಿನ ವಾಸನಿ ನನಗ ಗೊತ್ತಾಗಂಗಿಲ್ಲೇನ? ಮಾರಿ ನೋಡಿದ್ರನ ತಿಳೀತೈತಿ, ಎಷ್ಟ ಇಳದಾಳ ಕೂಸು!"

ಅವರ ಕಣ್ಣಲ್ಲಿ ಹೇಸಿಗೆ ಇರಲಿಲ್ಲ, ಭಕ್ತಿ ಇತ್ತು. ಮೂರು ತಿಂಗಳಿಂದ ನನ್ನ ಮಗಳ ಉಸಿರಿಗೆ ಯಾರಾದರೂ ಮುಖ ತಿರುಗಿಸುತ್ತಾರೆಂದು ಹೆದರಿ ಬದುಕಿದವಳಿಗೆ, ಅದೇ ಉಸಿರಿಗೆ ಒಬ್ಬರು ಕೈ ಮುಗಿಯುವಂತೆ ನೋಡಿದರೆ ಏನಾಗಬೇಡ? "ಹೂನ್ರಿ ವೈನಿ," ಎಂದುಬಿಟ್ಟೆ.

"ಮತ್ತ ಹೆಸರು ಯಾಕ ಕೊಟ್ಟಿಲ್ಲ?"

"ಆಕಿಗೆ ಹೇಳಿಕೊಳ್ಳೂದು ಸೇರಂಗಿಲ್ಲರಿ."

"ನೋಡ, ಇದು ಸಂಸ್ಕಾರ," ಎಂದು ವೈನಿ ನನ್ನ ಬೆನ್ನು ಸವರಿದರು. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ನಕ್ಕರು. ಆ ನಗೆಯಿಂದಲೇ ನನಗೆ ತಿಳಿಯಬೇಕಿತ್ತು.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಎರಡು ದಿನ ಹೇಗೋ ಕಳೆದರೆ ಪರ್ವ ಮುಗಿಯುತ್ತದೆ, ಮರೆತುಹೋಗುತ್ತದೆ ಎಂದುಕೊಂಡೆ. ಬೇಳೆ ಆರಿಸುವಾಗ ಕಲ್ಲನ್ನು ಬೇಳೆಯ ಕಡೆ, ಬೇಳೆಯನ್ನು ಕಲ್ಲಿನ ಕಡೆ ಹಾಕಿದ್ದನ್ನು ನೋಡಿ ಅತ್ತೆ, "ಏನಾಗೇತಿ ನಿನಗ?" ಎಂದರು. ಏನೂ ಇಲ್ಲ ಎಂದೆ.

ಸೋಮವಾರ ಸಂಜೆ ಸಿದ್ಧಿಯ ಬಸ್ಸು ತಡವಾಯಿತು. ಅವಳು ಒಳಗೆ ಬಂದಾಗ ಹೊತ್ತು ಮುಳುಗಿತ್ತು. ಚೀಲ ಇಳಿಸಲಿಲ್ಲ, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಸಮಾಜದ ಗುಂಪಿನಲ್ಲಿ ಬಂದ ಚಿತ್ರ. ಹಳದಿ ಬಣ್ಣದ ಪತ್ರಿಕೆ, ಸುತ್ತ ಹೂವಿನ ಬಳ್ಳಿ. ಹತ್ತು ದಿನ ಉಪವಾಸ ಮಾಡಿದ ಪುಣ್ಯವಂತರ ಪಟ್ಟಿ. ಏಳು ಹೆಸರು. ಏಳನೆಯದು, ಕುಮಾರಿ ಸಿದ್ಧಿ ಪಾರಿಸಪ್ಪ.

"ಯಾರ ಕೊಟ್ಟಾರ ಇದನ್ನ?"

ಅವಳ ಹೆಗಲ ಚೀಲ ಇಳಿಸಿಕೊಳ್ಳಲು ಕೈ ಚಾಚಿದೆ.

"ಮುಂಜಾನಿಂದ ಹತ್ತ ಮಂದಿ ಫೋನ್ ಮಾಡ್ಯಾರ. ತೇರದಾಳದ ಮಾಮಿ ಅಳಾಕತ್ತಿದ್ರು, ನಿನ್ನಂಥ ಮಗಳು ಇರಬೇಕು ಅಂತ. ಕಾವ್ಯಾನ ಮುಂದ ಡಬ್ಬಿ ತಗದು ಪನೀರ ತಿನ್ನಾಕತ್ತಿದ್ದೆ ನಾ ಆವಾಗ! ಯಾರ ಹೇಳ್ಯಾರವ್ವಾ?"

"ವೈನಿ ಕೇಳಿದ್ರು. ವಾಸನಿ... ಅವರಿಗೆ ಉಪವಾಸದ್ದು ಅನಸ್ತು. ನಾ ಹೂಂ ಅಂದೆ."

ಅವಳು ಮಾಸ್ಕ್ ತೆಗೆದಳು. ಎಷ್ಟೋ ದಿನದ ಮೇಲೆ ಅವಳ ಬಾಯಿ ಸರಿಯಾಗಿ ನೋಡಿದೆ. ತುಟಿ ಸೀಳಿ ಒಣಗಿತ್ತು.

"ನಿನ್ನ ಮಗಳ ಬಾಯಿ ನಾರ್ತೈತಿ ಅಂತ ಹೇಳಾಕ ನಾಚಿಕಿ ಬಂತು. ದೇವರ ಮುಂದ ಸುಳ್ಳ ಹೇಳಾಕ ನಾಚಿಕಿ ಬರಲಿಲ್ಲ ಹೌದಿಲ್ಲೊ?"

"ಸಿದ್ಧೂ..."

"ಅದೂ ಹೋಗ್ಲಿ. ನಿನಗ ಯಾವಾಗಿಂದ ಗೊತ್ತಿತ್ತು? ಲವಂಗ ಇಟ್ಟಿ, ಅಜವಾನ ಇಟ್ಟಿ, ಪಚನಕ್ಕ ಅಂದಿ. ಎರಡ ತಿಂಗಳ ನಾ ಎಲ್ಲಾರ ಮಾರಿ ಮ್ಯಾಲೆ ಬಗ್ಗಿ ಹನಿ ಹಾಕೇನಿ. ಅವರೆಲ್ಲಾ ಉಸಿರ ಹಿಡಕೊಂಡು ಕುಂತಿರತಿದ್ರು, ನಾ ಹೆದರಿಕೊಂಡಾರ ಅಂತ ತಿಳಕೊಂಡಿದ್ದೆ. ನನ್ನ ಬಾಯಿ ವಾಸನಿ ನನಗ ಗೊತ್ತಾಗಂಗಿಲ್ಲ. ನೀ ಹೇಳಬೇಕಿತ್ತು. ಹುನ್ನೂರಿನ ಯಾವನೋ ಮುದುಕ ಅಲ್ಲ."

ಅವಳು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು.

ಗದ್ದಲಕ್ಕೆ ಅವಳ ತಂದೆ ಹೊರಗೆ ಬಂದರು. ಬನಹಟ್ಟಿಯ ಮಗ್ಗದವರಿಗೆ ನೂಲು ಮಾರುವ ಮನುಷ್ಯ. ಯಾವುದನ್ನೂ ಹರಿಯಗೊಡದೆ ಗಂಟು ಹಾಕಿ ಮುಂದೆ ಸಾಗಿಸುವುದೇ ಅವರ ರೂಢಿ. ವಿಷಯ ಕೇಳಿ, "ಆತು ಬಿಡ್ರಿ, ಪತ್ರಿಕಿ ಹೊಂಟ ಹೋಗೇತಿ. ಎರಡ ತಾಸಿನ ಕೆಲಸ, ಸುಮ್ನ ಕುಂತ ಬಾ ಸಿದ್ಧಿ. ಈಗ ಇಲ್ಲ ಅಂದ್ರ ಊರಾಗ ತಲಿ ಎತ್ತಾಕ ಬರಂಗಿಲ್ಲ," ಎಂದರು.

"ಖರೇನ ಹತ್ತ ದಿನ ಹಸದವರ ಸಾಲಿನಾಗ ನಾ ಕುಂದರಲೇನಪ್ಪಾ? ಅವರ ಕಾಲಿಗೆ ಬೀಳೂ ಮಂದಿ ನನ್ನ ಕಾಲಿಗೂ ಬೀಳ್ತಾರ. ಆಯಿ ಬೀಳ್ತಾಳ."

ಮೂಲೆಯಲ್ಲಿ ಜಪಮಣಿ ಹಿಡಿದು ಕುಳಿತಿದ್ದ ಅತ್ತೆ ಆಗ ಬಾಯಿ ತೆರೆದರು. "ಸಿದ್ಧಿ, ಇಲ್ಲಿ ಬಾ. ಇವತ್ತ ಏನೇನ ತಿಂದಿ ಹೇಳು."

"ಮಧ್ಯಾಹ್ನ ಪನೀರ. ಸೌತಿಕಾಯಿ."

"ಮುಂಜಾನೆ?"

"ಬಸ್ಸಿಗೆ ಹೊತ್ತಾಗಿತ್ತು. ಒಂದ ಹಿಡಿ ಶೇಂಗಾ."

"ಸಂಜೀಕ?"

ಸಿದ್ಧಿ ಕಿಟಕಿಯ ಕಡೆ ನೋಡಿದಳು. ಹೊರಗೆ ಕತ್ತಲಾಗಿತ್ತು. ಸೂರ್ಯಾಸ್ತದ ನಂತರ ಅನ್ನ ನೀರು ಮುಟ್ಟುವುದಿಲ್ಲ ಎಂಬ ನೇಮವನ್ನು ಅವಳು ಹನ್ನೆರಡು ವರ್ಷದವಳಿದ್ದಾಗ, ಬಸದಿಗೆ ಬಂದಿದ್ದ ಮುನಿಗಳ ಮುಂದೆ ಹಿಡಿದಿದ್ದಳು. ಹಿಡಿಸಿದವಳು ನಾನು. ಅವಳ ಬಸ್ಸು ಬರುವುದು ಆರೂ ಮುಕ್ಕಾಲಿಗೆ. ಮಳೆಗಾಲ ಇಳಿದು ಹೊತ್ತು ಬೇಗ ಮುಳುಗತೊಡಗಿ ಎಷ್ಟು ದಿನವಾಗಿತ್ತು? ತಟ್ಟೆ ಮುಚ್ಚಿಟ್ಟು, ಹೊತ್ತಾಯಿತು ಬಿಡು ಎಂದು ಎಷ್ಟು ಸಂಜೆ ನಾನೇ ಎತ್ತಿಟ್ಟಿದ್ದೆ? ಅವಳು ಹಸಿವಿಲ್ಲ ಅಂದದ್ದನ್ನು ಪಥ್ಯದ ಗುಣ ಎಂದುಕೊಂಡಿದ್ದೆ. ಮಧ್ಯಾಹ್ನ ಒಂದಕ್ಕೆ ತಿಂದವಳು ಮರುದಿನ ಮುಂಜಾನೆಯವರೆಗೆ ಏನೂ ತಿನ್ನದೆ, ಕತ್ತಲಾದ ಮೇಲೆ ಒಂದು ಗುಟುಕು ನೀರೂ ಇಲ್ಲದೆ ಮಲಗಿ ಏಳುತ್ತಿದ್ದಳು.

"ಅನುಸೂಯಾ," ಅತ್ತೆ ಹೇಳಿದರು, "ಕುಸುಮಾಗ ಬಂದ ವಾಸನಿ ಸುಳ್ಳಲ್ಲ. ನನಗೂ ಬಂದಿತ್ತು. ಪಥ್ಯದ್ದ ಇರಬೇಕಂತ ಸುಮ್ನಿದ್ದೆ. ಹೊಟ್ಟಿ ಖಾಲಿ ಇದ್ದವರ ಉಸಿರು ಅದು. ನಾವು ವರ್ಷಕ್ಕ ಹತ್ತ ದಿನ ಮಾಡ್ತೇವಿ. ಈ ಕೂಸು ಎಷ್ಟ ದಿನದಿಂದ ಮಾಡಾಕತ್ತೈತಿ ಗೊತ್ತೇನ?"

ಸಿದ್ಧಿ ಅಜ್ಜಿಯ ಪಕ್ಕ ಗೋಡೆಗೊರಗಿ ಕುಳಿತು ಕಣ್ಣು ಮುಚ್ಚಿದಳು. ಅವಳ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಅದನ್ನು ನಾನು ಇಷ್ಟು ದಿನ ಗೆಲುವು ಎಂದು ನೋಡಿದ್ದೆ.

ಮರುದಿನ ಚತುರ್ದಶಿ. ಸಿದ್ಧಿಯನ್ನು ಕೆಲಸಕ್ಕೆ ಕಳಿಸಿ ಬಸದಿಗೆ ಹೋದೆ. ಅಂಗಳದಲ್ಲಿ ಹೆಂಗಸರು ಪಾರಣೆಗೆಂದು ಹೆಸರುಬೇಳೆ ಹಸನು ಮಾಡುತ್ತಾ ಕುಳಿತಿದ್ದರು. ಕುಸುಮಾ ವೈನಿಯನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ದಾರಿಯುದ್ದಕ್ಕೂ ಹಾಗೆಯೇ ಅಂದುಕೊಂಡು ಹೋಗಿದ್ದೆ. ಆದರೆ ನಾನು ಪಕ್ಕದಲ್ಲಿ ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಎಲ್ಲರೆದುರಿಗೇ ಹೇಳಿದೆ.

"ವೈನಿ, ಸಿದ್ಧಿ ಹೆಸರು ತಗೀರಿ. ಆಕಿ ಉಪವಾಸ ಮಾಡಿಲ್ಲ. ಶುಗರ್ ಬರಬಾರ್ದಂತ ಪಥ್ಯ ಮಾಡಾಕತ್ತಾಳ. ಅದರಿಂದ ಬಾಯಿ ವಾಸನಿ ಬರ್ತೈತಿ. ನನಗ ಹೇಳಾಕ ನಾಚಿಕಿ ಆಗಿ ಸುಳ್ಳ ಹೇಳಿದೆ. ಆಕಿದೇನೂ ತಪ್ಪಿಲ್ಲ."

ಹೆಸರುಬೇಳೆಯ ಮೊರಗಳು ನಿಂತವು. ವೈನಿಯ ಮುಖ ಕೆಂಪಾಯಿತು. "ನೋಂಪಿ ವ್ರತದ ವಿಷಯದಾಗ ಸುಳ್ಳ ಹೇಳಿದಿ? ಪರ್ವದಾಗ? ನೂರ ಪತ್ರಿಕಿ ಹಂಚೇನಿ ನಾ!"

"ತಪ್ಪಾತ್ರಿ."

"ನಾ ಅದ ಅಂದೆ, ಉಪವಾಸ ಇದ್ದಾಕಿ ದಿನಾ ಜಮಖಂಡಿಗೆ ಹೆಂಗ ಅಡ್ಡಾಡ್ತಾಳಂತ," ಎಂದಳು ಒಬ್ಬಳು. ಇನ್ನೊಬ್ಬಳು ಸೆರಗಿನೊಳಗೆ, "ವಾಸನಿ ಅಷ್ಟ ಖರೆ ಇತ್ತ ಅನ್ನು," ಎಂದಳು. ಕಿಸಕ್ಕೆಂದು ನಗು ಹಬ್ಬಿತು. ನನ್ನ ಮಗಳು ಕಣ್ಣಿಗೆ ಹನಿ ಹಾಕಿದ ಹೆಂಗಸರೂ ಅವರಲ್ಲಿದ್ದರು. ನಿಂತೇ ಇದ್ದೆ. ನಗು ಮುಗಿಯುವ ತನಕ ನಿಂತಿರಬೇಕೆನಿಸಿತು.

ಬರುವಾಗ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನು ಕಂಡೆ. ಮಗಳ ನೇಮದ ಮಾತು ತೆಗೆದೆ. ನೀರಿನಷ್ಟಕ್ಕಾದರೂ ಬಿಡಿಸಬಹುದೇ ಎಂದು ಕೇಳಿದೆ.

"ಆರೋಗ್ಯದ ಸಲುವಾಗಿ ನೀರು ಕುಡಿದ್ರ ಕುಡೀಲಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ," ಎಂದರು ಅವರು, ಗಂಧ ತೇಯುತ್ತಾ. "ಆದ್ರ ಬಿಡಾಕಿ ಆಕಿ ಆಗಬೇಕು ತಂಗಿ. ಹಿಡಿಸೂದೂ ನೀನ, ಬಿಡಿಸೂದೂ ನೀನ ಆದ್ರ ಆಕಿದೇನ ಉಳೀತು?"

ಸಂಜೆ ಅದನ್ನೂ ಬಸದಿಯಲ್ಲಿ ಆದದ್ದನ್ನೂ ಸಿದ್ಧಿಗೆ ಹೇಳಿದೆ. ಹೆಂಗಸರು ನಕ್ಕದ್ದನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿಸಿಕೊಂಡು ಬಟ್ಟೆ ಬದಲಿಸಲು ಒಳಗೆ ಹೋದಳು. ಅವಳ ತಂದೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು.

ಪಾರಣೆಯ ಮರುದಿನ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಓಣಿಯಲ್ಲಿ ಸಿಕ್ಕವರಿಗೆಲ್ಲ ಕೈ ಮುಗಿದು ಆ ಮಾತು ಹೇಳುವುದು ನಮಗೆ ರೂಢಿ, ನಾಲಿಗೆಗೆ ಸಲೀಸು. ಕುಸುಮಾ ವೈನಿಗೂ ಹೇಳಿದೆ. ಅವರು ಬೇರೆ ಕಡೆ ನೋಡುತ್ತಾ ಕೈ ಮುಗಿದರು. ಮನೆಗೆ ಬಂದು, ಬಟ್ಟೆ ಮಡಚುತ್ತಿದ್ದ ಮಗಳ ಮುಂದೆ ನಿಂತಾಗ ಮಾತ್ರ ಮಾತು ಬರಲಿಲ್ಲ. ಕೈ ಮುಗಿದೆ.

ಅವಳು ನನ್ನ ಕೈ ಬಿಡಿಸಿದಳು. "ಬ್ಯಾಡವ್ವಾ. ಕ್ಷಮಾ ಕೇಳೂದು ಬ್ಯಾಡ. ನೀ ದಿನಾ ಮುಂಜಾನೆ ನನಗ ಖರೆ ಹೇಳಬೇಕು. ವಾಸನಿ ಎಷ್ಟ ಐತಿ ಅಂತ. ಕಡಿಮಿ ಮಾಡಿ ಹೇಳಬಾರ್ದು, ಲವಂಗ ಇಡಬಾರ್ದು. ಹೇಳ್ತೀ?"

"ಹೇಳ್ತೇನಿ."

"ನಾ ಅತ್ತರೂ ಹೇಳಬೇಕು."

"ಹೂಂ."

ಡಾಕ್ಟರ ಮಾತಿನಂತೆ ಮಧ್ಯಾಹ್ನ ಒಂದು ರೊಟ್ಟಿ ಸೇರಿಸಿದಳು. ಸಂಜೆಯದನ್ನು ಎರಡನೆಯ ಡಬ್ಬಿಯಲ್ಲಿ ಕಟ್ಟಿಕೊಡುತ್ತೇನೆ. ಆಸ್ಪತ್ರೆ ಬಿಡುವ ಮೊದಲೇ, ಐದೂವರೆಗೆ ತಿಂದು ಬಸ್ಸು ಹತ್ತುತ್ತಾಳೆ. ಊಟದ ನೇಮ ಬಿಡುವುದಿಲ್ಲ, ನೀರಿನದು ಬಿಡುತ್ತೇನೆ ಎಂದು ಅವಳೇ ಬಸದಿಗೆ ಹೋಗಿ ಹೇಳಿ ಬಂದಳು. ಮೊದಲ ದಿನ ದೀಪ ಹಚ್ಚಿದ ಮೇಲೆ ಅವಳು ತಂಬಿಗೆ ಎತ್ತಿದಾಗ ನನಗೆ ನೋಡಲಾಗಲಿಲ್ಲ. ಪಾತ್ರೆ ತೊಳೆಯಬೇಕು ಎಂಬ ನೆಪದಲ್ಲಿ ಒಳಗೆ ಬಂದೆ. ಹತ್ತು ವರ್ಷದ ನೇಮ. ಕುಡಿಯುವ ಸದ್ದು ಒಳಗೂ ಕೇಳಿಸಿತು. ತುಂಬ ನೀರಡಿಸಿದವರು ಕುಡಿಯುವ ಸದ್ದು ಅದು. ನಾಳೆಯಿಂದ ತಂಬಿಗೆಯನ್ನು ನಾನೇ ತುಂಬಿಡಬೇಕು ಎಂದುಕೊಂಡೆ.

ದಿನಾ ಮುಂಜಾನೆ ಏಳಕ್ಕೆ, ಹಾಲು ಕಾಯುವ ಹೊತ್ತಿಗೆ, ಸಿದ್ಧಿ ಬಂದು ನನ್ನ ಮುಖದ ಹತ್ತಿರ ಬಗ್ಗಿ ಹಾ ಎಂದು ಉಸಿರು ಬಿಡುತ್ತಾಳೆ. ನಾನು ಹೇಳುತ್ತೇನೆ. ಮೊದಲ ವಾರ, "ಐತಿ, ಅಷ್ಟ ಐತಿ," ಎಂದೆ. ಒಂದು ದಿನ ಕಡಿಮೆಯಾದಂತಿತ್ತು, ಮರುದಿನ ಮತ್ತೆ ಇತ್ತು. ಹಾಗೆ ಹೇಳುವಾಗ ಅವಳ ಕಣ್ಣು ತುಂಬಿಕೊಳ್ಳುತ್ತಿತ್ತು. ನನ್ನ ಕೈ ಸೆರಗು ಹುಡುಕುತ್ತಿತ್ತು. ಆದರೂ ಹೇಳಿದೆ. ಒಂದು ರೊಟ್ಟಿಯಿಂದ ಸಕ್ಕರೆ ಏರುತ್ತದೇನೋ ಎಂಬ ಹೆದರಿಕೆ ಅವಳಿಗೆ ಇನ್ನೂ ಇದೆ. ಬೆರಳು ಚುಚ್ಚಿಕೊಂಡು ನೋಡಿಕೊಳ್ಳುವಾಗ ಅವಳ ಮುಖ ನಾನು ನೋಡಲಾರೆ.

ಸೆಪ್ಟೆಂಬರಿನ ಕೊನೆಯ ದಿನ ಬಂತು. ಅಂದು ಅವಳು ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದಳು. ಒಲೆಯ ಹತ್ತಿರ ಬಂದು ಬಗ್ಗಿದಳು.

ಇಲ್ಲ ಎಂದು ಹೇಳಬೇಕೆಂದು ನನ್ನ ಜೀವವೆಲ್ಲ ಬಯಸಿತು. ಇದೊಂದು ದಿನ, ಧೈರ್ಯಕ್ಕಾಗಿ.

"ಐತಿ," ಎಂದೆ. "ಮೊದಲಿನಕಿಂತ ಅರ್ಧ ಆಗೇತಿ. ಆದ್ರ ಹತ್ತಿರ ಬಂದವರಿಗೆ ತಿಳೀತೈತಿ."

ಅವಳು ನೆಟ್ಟಗೆ ನಿಂತಳು. ಹಾಲು ಉಕ್ಕಿ ಬರುತ್ತಿತ್ತು. ಕೈ ಚಾಚಿ ಒಲೆ ಸಣ್ಣ ಮಾಡಿದಳು.

"ಆತು. ಮ್ಯಾಡಂಗ ಹಿಂಗ ಹೇಳ್ತೇನಿ. ಅರ್ಧ ಆಗೇತಿ, ಮಾಸ್ಕ್ ಹಾಕಿಕೊಂಡು ಮಾಡ್ತೇನಿ, ಇನ್ನೊಂದ ತಿಂಗಳ ನೋಡ್ರಿ ಅಂತ. ಅವರಾಗೇ ತಿಳಕೊಳ್ಳೂಕಿಂತ ನಾ ಹೇಳೂದು ಛಲೋ ಅಲ್ಲ?"

"ಛಲೋ."

ಮಧ್ಯಾಹ್ನ ಎರಡಕ್ಕೆ ಫೋನ್ ಬಂತು. ನಾನು ಹಪ್ಪಳ ಒಣಗಿಸಲು ಮೇಲೆ ಹೋಗಿದ್ದವಳು ಮೆಟ್ಟಿಲ ಮೇಲೆಯೇ ಕುಳಿತೆ.

"ಕಾಯಂ ಮಾಡಿಲ್ಲವ್ವಾ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಕೇಳಿಲ್ಲಿ, ತೆಗದೂ ಹಾಕಿಲ್ಲ. ದೀಪಾವಳಿ ತನಕ ನೋಡೂಣ ಅಂದಾರ. ನಾಳಿಂದ ದಿನಕ್ಕ ಐದ ಮಂದಿಗೆ ಹನಿ ಹಾಕು, ಯಾರರ ಏನರ ಅಂದ್ರ ಟೇಬಲ್ಲಿಗೆ ವಾಪಸ್ ಅಂದಾರ." ಅವಳ ದನಿ ಮಾಸ್ಕಿನೊಳಗಿಂದ ಬಂದದ್ದಲ್ಲ, ಸ್ಪಷ್ಟವಾಗಿತ್ತು. "ಯಾರರ ಅಂದ್ರ ಏನ ಮಾಡ್ಲವ್ವಾ?"

ಅನ್ನುವುದಿಲ್ಲ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅನ್ನಬಹುದು," ಎಂದೆ. "ಅಂದ್ರ ಸಂಜೀಕ ಬಂದು ನನಗ ಹೇಳು."

"ಹೂಂ," ಎಂದಳು. ಹಿಂದಿನಿಂದ ಯಾರೋ ಅವಳನ್ನು ಕರೆದರು. ಫೋನ್ ಇಟ್ಟಳು.